ಬಚ್ಚಲ ಅಟ್ಟದ ಮೇಲಿನ ಗಾಜು

ಜೂನ್ 14, ಶುಕ್ರವಾರ

ವನಜ ತನ್ನ ಮಗಳನ್ನು ತಂದು ಇಲ್ಲಿ ಬಿಟ್ಟುಹೋದಳು. ಬಿಟ್ಟುಹೋದಳು ಅಂದರೆ ನನ್ನ ಕಾವಲಿಗೆ ಇಟ್ಟುಹೋದಳು. ಬೈಂದೂರಿನಿಂದ ಕುಂದಾಪುರದ ಕಾಲೇಜಿಗೆ ಮಳೆಗಾಲದಲ್ಲಿ ದಿನಾ ಬಸ್ಸಿನಲ್ಲಿ ಹೋಗಿಬರುವುದು ಕಷ್ಟ, ಹೆಮ್ಮಾಡಿಯಿಂದಾದರೆ ಹತ್ತಿರ ಎಂದು ಅವಳ ವಾದ. ಹತ್ತಿರ ಹೌದು. ಹೋದ ಮಳೆಗಾಲದಲ್ಲೂ ಹೆಮ್ಮಾಡಿ ಇಲ್ಲಿಯೇ ಇತ್ತಲ್ಲ? ಅಕ್ಕ ಹೋದ ಮೇಲೆ ಭಾವ ಸರಿಯಾಗಿ ಉಣ್ಣುವುದಿಲ್ಲ ಎಂದು ಯಾರೋ ಬೈಂದೂರಿಗೆ ಸುದ್ದಿ ಮುಟ್ಟಿಸಿದ್ದಾರೆ. ಯಾರೋ ಏನು, ಮೀನು ತರುವ ಪದ್ದುವೇ ಇರಬೇಕು.

“ಭಾವ, ಅವ್ಳಿಗ್ ಒಂದ್ ಕೋಣಿ ಸಾಕ್. ನಿಮ್ಗೆಂತ ಉಪದ್ರ ಇಲ್ಲೆ.”

“ನಂಗ್ ಉಪದ್ರ ಇಲ್ಲೆ ವನಜ. ನನ್ನಿಂದ ಅವ್ಳಿಗ್ ಆಪುದ್ ಉಪದ್ರ.”

ನಗಲಿ ಎಂದು ಹೇಳಿದ್ದು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಹರಿಣಾಕ್ಷಿಯ ಹಾಗೆಯೇ ಅವಳಿಗೂ ಅಳು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ. ನಾನು ಅಂಗಳದ ಕಡೆ ನೋಡಿದೆ.

ಹುಡುಗಿ ಪ್ರಣೀತಾ ಭೌತಶಾಸ್ತ್ರದ ಲೆಕ್ಚರರ್. ಕೆಲಸ ಇನ್ನೂ ಕಾಯಂ ಆಗಿಲ್ಲ, ಜೊತೆಗೆ ಪಿಎಚ್.ಡಿ. ಬೇರೆ ಮಾಡುತ್ತಿದ್ದಾಳೆ. ಬಟ್ಟೆಯ ಬ್ಯಾಗನ್ನು ಮಳೆಯಲ್ಲೇ ಬಿಟ್ಟು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಎದೆಗೊತ್ತಿಕೊಂಡು ಒಳಗೆ ಬಂದಳು. ಸ್ವೀಟು ಎಂದುಕೊಂಡು ಕೈ ಚಾಚಿದೆ.

“ತಿಂಬುದಲ್ಲ ದೊಡ್ಡಪ್ಪಯ್ಯ. ಗಾಜ್.”

ಗಾಜಿನ ಪಟ್ಟಿಗಳು. ಒಂದೊಂದರ ಮೇಲೂ ಕೆಂಪು ಕಂದು ಬಣ್ಣದ ಲೇಪ, ಕೂದಲಿಗಿಂತ ಎಷ್ಟೋ ಪಾಲು ತೆಳುವಂತೆ. ಆ ಲೇಪವೂ ಒಂದು ಜಾತಿಯ ಗಾಜೇ ಅಂತೆ: ಸೆಲೆನಿಯಮ್, ಟೆಲ್ಲೂರಿಯಮ್ ಕರಗಿಸಿ ಮಾಡಿದ್ದು. ಅದರಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂಬುದು ಇವಳ ಪಿಎಚ್.ಡಿ. ಮೂಲೆ ಒಡೆದಿದ್ದ ಒಂದನ್ನು ನನಗೇ ಕೊಟ್ಟಳು. ಕಣ್ಣೆದುರು ಹಿಡಿದರೆ ಮುಖ ಕಡು ಚಹಾದಲ್ಲಿ ಕಂಡ ಹಾಗೆ ಕಾಣುತ್ತದೆ. ಇಡಲು ಜಾಗ ಹೊಳೆಯದೆ ನಡುಮನೆಯಲ್ಲಿ ಹರಿಣಾಕ್ಷಿಯ ಫೋಟೊದ ಚೌಕಟ್ಟಿಗೆ ಸಿಕ್ಕಿಸಿದೆ.

ಹುಡುಗಿಗೆ ಮೀಯಲು ಬಿಸಿನೀರು ಬೇಕಲ್ಲ, ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ಹರಿಣಾಕ್ಷಿ ಹೋದ ಮೇಲೆ ಹಾಕಿರಲಿಲ್ಲ. ನನಗೆ ತಣ್ಣೀರು ಸಾಕು. ಒಲೆಯ ಮೇಲಿನ ಅಟ್ಟದಲ್ಲಿ ಅವಳಿಟ್ಟದ್ದೆಲ್ಲ ಇಟ್ಟಲ್ಲೇ ಇದೆ. ಸಾರಿಗೆ ಹಾಕುವ ವಾಟೆಹುಳಿಯ ಡಬ್ಬಿ, ಬೆಂಕಿಪೊಟ್ಟಣ, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪುಮಾವಿನಕಾಯಿಯ ಭರಣಿ. ಆ ಅಟ್ಟವನ್ನು ಮಾತ್ರ ಮುಟ್ಟಬಾರದು ಎಂದು ಹುಡುಗಿಗೆ ಮೊದಲೇ ಹೇಳಿದೆ.

“ಸರಿ. ನನ್ ಡಬ್ಬಿ ನೀವೂ ಮುಟ್ಟುಕಾಗ.”

“ಅಗ್ರೀಡ್ ಅಪಾನ್,” ಎಂದೆ. ಕಾಲೇಜಿನ ಇಂಗ್ಲಿಷಿನಲ್ಲಿ ಇಷ್ಟಾದರೂ ಉಳಿದಿದೆ.

ಜೂನ್ 22, ಶನಿವಾರ

ಇವತ್ತು ಊಟಕ್ಕೆ ಕೂತಾಗ ಗಾಜಿನ ವಿಷಯ ಕೇಳಿದೆ. ಎರಡು ಜನ ಎದುರುಬದುರು ಕೂತು ಏನೂ ಮಾತಾಡದೆ ಉಣ್ಣುವುದು ಕಷ್ಟ. ಒಬ್ಬನೇ ಉಣ್ಣುವಾಗ ಈ ತೊಂದರೆ ಇರಲಿಲ್ಲ.

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಗುಮಾಸ್ತನಾಗಿ ತಲೆ ಹಣ್ಣು ಮಾಡಿಕೊಂಡವನು ನಾನು. ಗಾಜು ಐಸಿನ ಹಾಗೆಯೋ ಎಂದೆ.

“ಐಸ್ ಹರಳ್ ದೊಡ್ಡಪ್ಪಯ್ಯ. ಅದ್ರಲ್ಲ್ ಅಣುಗಳೆಲ್ಲ ಸಾಲಲ್ಲ್ ನಿಂತಿರ್ತೊ. ಗಾಜ್ ಹಾಂಗಲ್ಲ. ಕಾಯ್ಸಿ ಕರಗ್ಸಿ ಫಕ್ಕನೆ ತಣ್ಸುದ್. ಸಾಲ್ ಹಿಡುಕೆ ಪುರ್ಸೊತ್ತೇ ಇಲ್ದೆ, ಎಲ್ಲೆಲ್ಲಿದ್ದಿತೊ ಅಲ್ಲಲ್ಲೇ ಗಟ್ಟಿ ಆತ್ತ್.”

ಐಸಿನದು ರೇಶನ್ ಅಂಗಡಿಯ ಸಾಲು, ಗಾಜಿನದು ಬಂದರಿನ ಏಲಂ ಎಂದೆ. ಏಲಮ್ಮಿನ ಗುಂಪಿನಲ್ಲಿ ಸಾಲು ಎಂಬುದೇ ಇಲ್ಲ. ಮೀನಿನ ಬುಟ್ಟಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ, ಎಲ್ಲಿ ಕೈ ಸಿಕ್ಕಿತೋ ಅಲ್ಲಿಗೆ ಹಾರುತ್ತ ಹೋಗಬೇಕು. ಹುಡುಗಿ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

“ಅದೇ, ಕರೆಂಟೂ ಜಿಗ್ದ್ ಜಿಗ್ದೇ ಹೋಪುದ್. ಇದ್ನ ಸೋಮವಾರ ಕ್ಲಾಸಲ್ಲ್ ಹೇಳ್ತೆ.”

“ನನ್ ಹೆಸ್ರ್ ಹೇಳ್.”

“ಹೆಸ್ರ್ ಹೇಳ್ರೆ ಪರೀಕ್ಷೆಯಲ್ಲ್ ಬರಿತ್ರ್, ಬ್ಯಾಡ.”

ಜಿಗಿದು ಹೋಗುವ ಕಾರಣಕ್ಕೇ ಕರೆಂಟು ತೀರಾ ಕಡಿಮೆಯಂತೆ, ಅದನ್ನು ಅಳೆಯಲು ಬೇರೆಯೇ ಮೀಟರು ಬೇಕಂತೆ. ಇದರಿಂದ ಏನು ಉಪಯೋಗ ಎಂದು ಕೇಳಿದ್ದಕ್ಕೆ, ಈ ಜಾತಿಯ ಕೆಲವು ಗಾಜಿಗೆ ವಿದ್ಯುತ್ತಿನ ಒಂದು ಹೊಡೆತ ಕೊಟ್ಟರೆ ಅದರ ಗುಣವೇ ಬದಲಾಗಿ ಹಾಗೆಯೇ ನಿಲ್ಲುತ್ತದೆ, ಕಂಪ್ಯೂಟರಿನ ನೆನಪಿಗೆ ಬಳಸುತ್ತಾರೆ ಎಂದಳು. ಗಾಜಿಗೆ ಯಾಕೆ ನೆನಪು? ಮನುಷ್ಯನಿಗೆ ಇರುವುದೇ ಸಾಕಾಗಿದೆ.

ಜುಲೈ 3, ಬುಧವಾರ

ಹುಡುಗಿಯ ಮುಖ ಸರಿ ಇಲ್ಲ. ಒತ್ತಾಯಿಸಿದ ಮೇಲೆ ಹೇಳಿದಳು. ವಿದೇಶದ ಪತ್ರಿಕೆಗೆ ಕಳಿಸಿದ ಅವಳ ಲೇಖನಕ್ಕೆ ಅಲ್ಲಿನ ಪರೀಕ್ಷಕರು ತಕರಾರು ತೆಗೆದಿದ್ದಾರೆ. ಅದೇ ಗಾಜುಗಳನ್ನು ಮತ್ತೆ ಅಳೆದು, ಹೋದ ವರ್ಷದ ರೀಡಿಂಗೇ ಬರುತ್ತದೆಂದು ತೋರಿಸಬೇಕು, ಈ ತಿಂಗಳೊಳಗೆ. ಹೊಸ ಗಾಜು ಮಾಡುವ ಹಾಗಿಲ್ಲ, ವಿಶ್ವವಿದ್ಯಾಲಯದಲ್ಲಿ ಲೇಪ ಹಾಕುವ ಯಂತ್ರದ ಪಂಪು ಬೇಸಿಗೆಯಿಂದ ಕೆಟ್ಟು ಕೂತಿದೆ. ಡಬ್ಬಿಯಲ್ಲಿರುವುದೇ ಗತಿ. ಲೇಖನ ಅಚ್ಚಾಗದಿದ್ದರೆ ಥೀಸಿಸ್ ಇಲ್ಲ. ಥೀಸಿಸ್ ಇಲ್ಲದಿದ್ದರೆ ಬರುವ ವರ್ಷ ಕಾಲೇಜಿನವರು ಇವಳನ್ನು ಇಟ್ಟುಕೊಳ್ಳುವುದು ಸಂಶಯ.

ಕಾಲೇಜಿನ ಲ್ಯಾಬಿನ ಮಾಡು ಸೋರುತ್ತದೆ ಎಂದು ಡಬ್ಬಿಯನ್ನು ಮನೆಯಲ್ಲೇ ಇಡುತ್ತಿದ್ದಾಳೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಕಾಳುಗಳಿವೆ. ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ. ಈ ಮಳೆಗೆ ಅವು ಮದುಮಗಳ ಕೆನ್ನೆಯಾಗಿವೆ.

ಜುಲೈ 5, ಶುಕ್ರವಾರ

ಮೀಟರು ತರಲು ಪ್ರಣೀತಾ ವಿಶ್ವವಿದ್ಯಾಲಯಕ್ಕೆ ಹೋದಳು. ಬರುವಾಗ ಬೈಂದೂರಿಗೂ ಹೋಗಿ ಮಂಗಳವಾರ ಬರುತ್ತಾಳೆ.

“ದೊಡ್ಡಪ್ಪಯ್ಯ, ಜೆಲ್ ಗುಲಾಬಿ ಆದ್ರೆ ಬಾಣ್ಲೆಗೆ ಹಾಕಿ ಬಿಸಿ ಮಾಡಿ. ಮತ್ತೆ ನೀಲಿ ಆತ್ತ್. ತಣ್ದ್ ಮೇಲ್ ಡಬ್ಬಿಗ್ ಹಾಕಿ ಮುಚ್ಚಿ. ಮತ್ತೆಂತದೂ ಮುಟ್ಟುಕಾಗ.”

ಮಧ್ಯಾಹ್ನ ಜೆಲ್ಲು ಹುರಿಯುತ್ತಿದ್ದಾಗ ಪದ್ದು ಬುಟ್ಟಿ ಇಳಿಸಿ ಅಡಿಗೆಕೋಣೆಗೆ ಇಣುಕಿದಳು.

“ಹ್ವಾಯ್ ಶೀನಣ್ಣ, ಎಂತ ಹುರೂದ್? ಸಾಬಕ್ಕಿಯಾ?”

“ಸಿಲಿಕಾ ಜೆಲ್.”

“ಒಗ್ಗರಣಿ ಹಾಕಿದ್ರ್ಯಾ?”

ಇವಳ ಹತ್ತಿರ ಸೈನ್ಸ್ ಮಾತಾಡಿ ಪ್ರಯೋಜನವಿಲ್ಲ. ಬಂಗುಡೆ ಕೊಟ್ಟಳು, ಎರಡು ಹೆಚ್ಚೇ. ಹುಡುಗಿ ಊರಲ್ಲಿಲ್ಲ ಎಂದರೂ ಕೇಳಲಿಲ್ಲ, “ನೀವ್ ಉಣ್ಣಿ” ಅಂದಳು. ಬೈಂದೂರಿಗೆ ಸುದ್ದಿ ಹೋಗುವುದು ಈ ದಾರಿಯಲ್ಲೇ.

ಜುಲೈ 7, ಭಾನುವಾರ

ಎಂಥ ಮಳೆ. ಮೊನ್ನೆ ನೀಲಿ ಮಾಡಿದ ಜೆಲ್ಲು ಬೆಳಿಗ್ಗೆ ನೋಡಿದರೆ ಮತ್ತೆ ಗುಲಾಬಿ. ಡಬ್ಬಿಯ ಮುಚ್ಚಳ ಸಡಿಲಾಗಿರಬೇಕು. ಇಷ್ಟು ತೇವ ಕುಡಿದರೆ ಗಾಜಿನ ಗತಿ ಏನು? ಹುಡುಗಿಯ ಭವಿಷ್ಯವೇ ಅದರಲ್ಲಿದೆ. ತಲೆ ಓಡಿಸಿದೆ. ಮಳೆಗಾಲದಲ್ಲಿ ತೇವ ತಾಗಬಾರದ ವಸ್ತುವನ್ನು ಹರಿಣಾಕ್ಷಿ ಎಲ್ಲಿಡುತ್ತಿದ್ದಳು? ಉಪ್ಪು, ಬೆಂಕಿಪೊಟ್ಟಣ, ಸೌತೆಬೀಜ, ಒಂದು ಸಲ ನನ್ನ ಪಾಸ್‌ಬುಕ್ಕು ಕೂಡ ಬಚ್ಚಲ ಅಟ್ಟದ ಮೇಲೆ. ಅಲ್ಲಿಟ್ಟದ್ದು ಯಾವುದೂ ಹಾಳಾದದ್ದಿಲ್ಲ.

ಭರಣಿಯನ್ನು ಕದಲಿಸದೆ ಅದರ ಪಕ್ಕದಲ್ಲಿ ಡಬ್ಬಿಯನ್ನು ಮುಚ್ಚಳ ತೆಗೆದಿಟ್ಟೆ. ಗಾಜನ್ನು ಮುಟ್ಟಲಿಲ್ಲ, ಮಾತು ಅಂದರೆ ಮಾತು. ಹುಡುಗಿ ಇಲ್ಲದಿದ್ದರೂ ಒಲೆಗೆ ಬೆಂಕಿ ಹಾಕಿದೆ, ತೆಂಗಿನ ಗೆರಟೆ ಸೇರಿಸಿ ಚೆನ್ನಾಗಿಯೇ. ನಾಳೆ ಸಂಜೆಯವರೆಗೆ ಆರಲು ಬಿಡುವುದಿಲ್ಲ.

ಟು ಬಿ ಫ್ರ್ಯಾಂಕ್, ಬಹಳ ದಿನಗಳ ಮೇಲೆ ಮಾಡಲು ಒಂದು ಕೆಲಸ ಸಿಕ್ಕಿದ ಹಾಗಿದೆ.

ಜುಲೈ 10, ಬುಧವಾರ

ನಿನ್ನೆ ಪ್ರಣೀತಾ ಬಂದಳು. ಡಬ್ಬಿ ಅವಳ ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇತ್ತು, ಜೆಲ್ಲು ಬಾನಿನ ಹಾಗೆ ನೀಲಿ. “ಹೊ, ಲಾಯ್ಕ್ ಮಾಡಿದ್ರಿ,” ಎಂದು, ತೆರೆಯದೆ ಹಾಗೆಯೇ ಇವತ್ತು ಕಾಲೇಜಿಗೆ ಒಯ್ದಳು.

ಸಂಜೆ ಬಂದವಳು ಚಪ್ಪಲಿ ಕಳಚದೆ ಜಗಲಿಯಲ್ಲೇ ಕೂತಳು.

“ಎಂತ ಆಯ್ತ್?”

“ಕರೆಂಟ್ ಸಾವ್ರ ಪಾಲ್ ಜಾಸ್ತಿ ಬತ್ತಿತ್ತ್.”

ನನಗೆ ಸಂತೋಷವಾಗಿಬಿಟ್ಟಿತು. ಒಣಗಿಸಿ ಕೊಟ್ಟದ್ದರ ಫಲ ಎಂದುಕೊಂಡೆ. “ಕಂಗ್ರಾಚುಲೇಷನ್ಸ್,” ಎಂದೆ. ಕೈ ಕುಲುಕಲೂ ಹೋದೆ. ಅವಳು ನನ್ನ ಕೈಯನ್ನು ನೋಡಿದಳು, ಎದ್ದು ಒಳಗೆ ಹೋದಳು. ಊಟ ಬೇಡ ಅಂದಳು. ಬಂಗುಡೆ ಸಾರು ಹಾಗೆಯೇ ಉಳಿದಿದೆ.

ಹೆಚ್ಚಾದದ್ದಕ್ಕೆ ಯಾಕೆ ಬೇಸರ? ತಿಳಿಯಲಿಲ್ಲ.

ಜುಲೈ 12, ಶುಕ್ರವಾರ

ತಿಳಿಯಿತು.

ಬೆಳಿಗ್ಗೆ ಚಹಾ ಕುಡಿಯುತ್ತ ಅವಳೇ ಹೇಳಿದಳು. ಗಾಜುಗಳ ಕೆಂಪು ಹೋಗಿ ಬೂದುಬಣ್ಣ ಬಂದಿದೆ. ಹೊಳಪಿಲ್ಲ.

“ಹರಳಾಯಿತ್ ದೊಡ್ಡಪ್ಪಯ್ಯ. ಅಣುಗಳೆಲ್ಲ ಸಾಲ್ ಹಿಡ್ದೊ. ಇನ್ ಅದ್ ಗಾಜೇ ಅಲ್ಲ. ಬಿಸಿ ತಾಗ್ರೆ ಮಾತ್ರ ಹಾಂಗಾಪುದ್. ನಮ್ಮ ಗಾಜ್ ಮೆತ್ತಗಿಂದ್, ಅರವತ್ತ್ ಡಿಗ್ರಿಯಲ್ಲ್ ಗಂಟೆಗಟ್ಲೆ ಇದ್ರೂ ಸಾಕ್. ಆದ್ರೆ ಬಿಸಿ ಎಲ್ಲಿಂದ ಬಂತ್? ಈ ಮಳೆಯಲ್ಲ್?”

ನಾನು ಚಹಾದ ಲೋಟ ತೊಳೆಯಲು ಹೋದೆ.

ಜುಲೈ 13, ಶನಿವಾರ

ಮಳೆ.

ಜುಲೈ 15, ಸೋಮವಾರ

ಅವಳ ಗೈಡು ಯತೀಶ್ ಸರ್ ಫೋನ್ ಮಾಡಿದ್ದರು. ಸಿಗ್ನಲ್ಲಿಗೆಂದು ಅವಳು ನಡುಮನೆಯ ಕಿಟಕಿಯ ಹತ್ತಿರ ಸ್ಪೀಕರ್ ಹಾಕಿ ನಿಂತಿದ್ದಳು. ನಾನು ಪೇಪರು ಹಿಡಿದು ಕೂತಿದ್ದೆ.

“ಹೋದ ವರ್ಷದ ರೀಡಿಂಗ್ ಎಲ್ಲಿಂದ ಬಂತು ಪ್ರಣೀತಾ? ಅಳೆದದ್ದಾ, ಬರೆದದ್ದಾ?”

“ಸರ್, ನಾನೇ ಅಳೆದದ್ದು.”

“ಇವತ್ತು ಅಳೆದರೆ ಬೇರೆ ಬರ್ತದೆ. ಡಬ್ಬಿ ಯಾವಾಗಲೂ ನಿನ್ನ ಹತ್ತಿರವೇ ಇತ್ತು ಅಂತಿ. ಬಿಸಿ ತಾಗಲಿಲ್ಲ ಅಂತಿ. ಹಿಂದೆ ಒಬ್ಬ ಹೀಗೇ ಸುಳ್ಳು ಅಂಕಿ ಬರೆದು ನನ್ನ ಮರ್ಯಾದೆ ತೆಗೆದಿದ್ದಾನೆ. ಲೇಖನ ವಾಪಸ್ ತೆಗೆದುಕೊಳ್ಳುವ ಅಂತ ನನಗೆ ಕಾಣ್ತದೆ. ಆಮೇಲೆ ನಿನ್ನ ರಿಜಿಸ್ಟ್ರೇಷನ್ ವಿಷಯ ಮಾತಾಡುವ.”

ಪೇಪರು ತಲೆಕೆಳಗಾಗಿ ಹಿಡಿದಿದ್ದೆ ಎಂದು ಆಮೇಲೆ ಕಂಡಿತು. ಹೇಳಬೇಕಿತ್ತು. ಹೇಳಿದರೆ ಅವಳು ನಾಳೆಯೇ ಬೈಂದೂರಿಗೆ ಹೋಗುತ್ತಾಳೆ. ಹೋಗಲಿ, ಅದಲ್ಲ. ಅದೂ ಹೌದು.

ಜುಲೈ 16, ಮಂಗಳವಾರ

ಒಲೆಗೆ ಬೆಂಕಿ ಹಾಕಲು ಕೈ ಬರಲಿಲ್ಲ. ತೆಂಗಿನ ಸಿಪ್ಪೆ ನೆನೆದಿದೆ ಎಂದೆ. ಹುಡುಗಿ ತಣ್ಣೀರಲ್ಲೇ ಮಿಂದು ಕಾಲೇಜಿಗೆ ಹೋದಳು.

ಜುಲೈ 18, ಗುರುವಾರ

ಬೆಳಿಗ್ಗೆ ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಬಾಗಿಲ ಹತ್ತಿರ ನಿಂತು ಹೇಳಿದೆ.

“ಮಗಾ, ಡಬ್ಬಿ ನಾನ್ ಅಟ್ಟದ್ ಮೇಲ್ ಇಟ್ಟಿದ್ದೆ.”

“ಯಾವ್ ಅಟ್ಟ?”

“ಬಚ್ಚಲದ್ದ್. ಒಲಿ ಮೇಲಿಂದ್.”

“ಬೆಂಕಿ ಇದ್ದಿತಾ?”

“ಜೋರೇ ಇದ್ದಿತ್.”

ಅವಳ ಕೈಯಲ್ಲಿ ಮಡಚಿದ ಚೂಡಿದಾರ ಇತ್ತು. ಅದನ್ನು ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

“ಮುಟ್ಟುಕಾಗ ಅಂದಿದ್ನಲೆ.”

“ಗಾಜ್ ಮುಟ್ಲಿಲ್ಲೆ. ಡಬ್ಬಿ ಎತ್ತಿಟ್ಟದ್ದ್ ಅಷ್ಟೆ.”

ಇಂಥ ಉತ್ತರ ನನ್ನ ಬಾಯಿಯಿಂದ ಯಾಕೆ ಬಂತೋ.

“ಅವ್ರ್ ನಂಗೆ ಸುಳ್ಳಿ ಅಂದ್ರ್. ನೀವ್ ಅಲ್ಲೇ ಕೂಕಂಡ್ ಕೇಂತಾ ಇದ್ರಿ. ಆಗ್ಳಾರೂ ಹೇಳುಕಾತಿರ್ಲಿಲ್ಯಾ?”

ಮೂಗಿನ ತುದಿ ಕೆಂಪಾಗಿತ್ತು. ಬಾಗಿಲು ಹಾಕಿಕೊಂಡಳು. ಒಳಗಿನಿಂದ ಗೈಡಿಗೆ ಫೋನ್ ಮಾಡುವುದು ಕೇಳಿಸಿತು. ಹೊರಗೆ ಬಂದು ಒಂದೇ ಮಾತು ಹೇಳಿದಳು: “ಅವ್ರ್ ನಂಬುದಿಲ್ಲೆ. ಈಗ ನೆಂಪಾಯ್ತಾ ಅಂದ್ರ್.”

“ಅವ್ರ ಮನಿ ಎಲ್ಲಿ?”

“ಬ್ರಹ್ಮಾವರ. ಶನಿವಾರ ಇರ್ತ್ರ್.”

“ನಾ ಬತ್ತೆ.”

ಬರಬೇಡಿ ಎನ್ನಲಿಲ್ಲ.

ಜುಲೈ 20, ಶನಿವಾರ

ಬ್ರಹ್ಮಾವರಕ್ಕೆ ಹೋಗಿಬಂದೆವು. ಬಸ್ಸಿನಲ್ಲಿ ಅವಳು ಕಿಟಕಿಯ ಬದಿ, ನಾನು ಪಕ್ಕದಲ್ಲಿ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ಹಾಕುತ್ತಿದ್ದೆ. ದೊಡ್ಡ ಮನುಷ್ಯರ ಮುಂದೆ ಇಂಗ್ಲಿಷಿನಲ್ಲಿ ಹೇಳಿದರೆ ತೂಕ ಹೆಚ್ಚು ಎಂದು ನನ್ನ ಎಣಿಕೆ. ಯತೀಶ್ ಸರ್ ನನಗಿಂತ ಸಣ್ಣವರು, ಪಂಚೆ ಉಟ್ಟು ಗೇಟಿಗೇ ಬಂದರು. ಅಲ್ಲೇ ಶುರು ಮಾಡಿದೆ.

“ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್ ಐ ಹ್ಯಾವ್ ಹೀಟೆಡ್ ಹರ್ ಗ್ಲಾಸ್. ಶಿ ಈಸ್ ನಾಟ್ ನೋಯಿಂಗ್.”

ಮುಂದಿನದು ಮರೆತುಹೋಯಿತು.

“ಒಳಗೆ ಬಂದು ಕೂತ್ಕೊಳ್ಳಿ. ಕನ್ನಡದಲ್ಲೇ ಹೇಳಿ,” ಎಂದರು.

ಹೇಳಿದೆ. ಗುಲಾಬಿ ಜೆಲ್ಲು, ಸೌತೆಬೀಜ, ಪಾಸ್‌ಬುಕ್ಕು, ಎಲ್ಲ. ಪಾಸ್‌ಬುಕ್ಕಿನ ಮಾತು ಬಂದಾಗ ಅವರ ಮುಖದಲ್ಲಿ ನಗು ಬಂದು ಹೋಯಿತು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಯಜಮಾನ್ರೆ, ನೀವು ಸುಳ್ಳು ಹೇಳ್ತೀರಿ ಅಂತಲ್ಲ. ಆದರೆ ಮಕ್ಕಳಿಗಾಗಿ ಮನೆಯವರು ಏನು ಬೇಕಾದ್ರೂ ಹೇಳ್ತಾರೆ. ನಾನು ನಂಬಿದ್ರೂ ಆ ಪರೀಕ್ಷಕ ನಂಬಬೇಕಲ್ಲ? ಅದೇ ಸಲ ಲೇಪ ಹಾಕಿದ ಗಾಜಿನಲ್ಲಿ ನಿಮ್ಮ ಅಟ್ಟಕ್ಕೆ ಹೋಗದ್ದು ಒಂದಾದ್ರೂ ಇದ್ರೆ ಅಳೆದು ನೋಡಬಹುದಿತ್ತು.”

“ಇಲ್ಲ ಸರ್,” ಎಂದಳು ಪ್ರಣೀತಾ. “ಎಲ್ಲ ಒಂದೇ ಡಬ್ಬಿಯಲ್ಲಿತ್ತು.”

ಅವರ ಮನೆಯ ಗೋಡೆಯಲ್ಲೂ ಮಾಲೆ ಹಾಕಿದ ಒಂದು ಫೋಟೊ ಇತ್ತು, ತಾಯಿಯದಿರಬೇಕು. ನಾನು ಅದನ್ನೇ ನೋಡುತ್ತಿದ್ದೆ.

“ಒಂದ್ ಇತ್ತ್,” ಎಂದೆ. “ಮೂಲೆ ಒಡ್ದದ್ದ್.”

ಮನೆಗೆ ಬಂದು ಚಪ್ಪಲಿಯಲ್ಲೇ ಒಳಗೆ ಹೋದೆವು, ಇಬ್ಬರೂ. ಫೋಟೊದ ಮೂಲೆಯಲ್ಲಿ ಅದು ಇನ್ನೂ ಚಹಾದ ಬಣ್ಣದಲ್ಲೇ ಇತ್ತು. ತೆಗೆಯುವಾಗ ಚೌಕಟ್ಟಿನ ಧೂಳು ಕೈಗೆ ಬಂತು. ಒರೆಸಬೇಕು.

ಜುಲೈ 23, ಮಂಗಳವಾರ

ಯತೀಶ್ ಸರ್ ಸ್ವತಃ ಕುಂದಾಪುರದ ಕಾಲೇಜಿಗೆ ಬಂದು, ತಮ್ಮ ಕೈಯಲ್ಲೇ ತಂತಿ ಜೋಡಿಸಿ ಅಳೆದರಂತೆ. ಹೋದ ವರ್ಷದ್ದೇ ಬಂತು. ಸ್ವಲ್ಪ ಹೆಚ್ಚುಕಡಿಮೆ ಇದೆ, ಗಾಜಿಗೂ ವಯಸ್ಸಾಗುತ್ತದಂತೆ. “ನಿನ್ನ ರೀಡಿಂಗ್ ಸರಿ ಇತ್ತು,” ಎಂದರಂತೆ. ಅಷ್ಟೆ. ಕ್ಷಮಿಸು ಎಂದರಾ ಎಂದು ಕೇಳಿದೆ.

“ಇಲ್ಲೆ. ಕ್ಯಾಂಟೀನಲ್ಲ್ ಬನ್ಸ್ ಕೊಡ್ಸಿದ್ರ್.”

ಇದನ್ನು ಹೇಳುವಾಗ ನನ್ನ ಮುಖ ನೋಡಿ ಹೇಳಿದಳು. ಗುರುವಾರದಿಂದ ನೋಡಿರಲಿಲ್ಲ.

ಆದರೆ ಒಂದು ಚೂರಿನಿಂದ ಲೇಖನ ಉಳಿಯುವುದಿಲ್ಲ. ಹೆಚ್ಚಿನ ಸಮಯ ಕೇಳಿ ಪತ್ರಿಕೆಗೆ ಬರೆಯುತ್ತಾರೆ, ಕೊಡುತ್ತಾರೋ ಇಲ್ಲವೋ. ಕೊಟ್ಟರೂ ಪಂಪು ಸರಿಯಾಗಬೇಕು. ಥೀಸಿಸ್ ಈ ವರ್ಷ ಇಲ್ಲ ಎಂಬುದಂತೂ ಖಂಡಿತ. ಕಾಲೇಜಿನ ಕೆಲಸದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನೊಂದು ಬಾಕಿ ಇದೆ. ಬಿಸಿಯಿಂದಲೇ ಹೀಗಾಯಿತು ಎಂದು ತೋರಿಸಲು ಈ ಚೂರನ್ನೂ ಅದೇ ಅಟ್ಟದಲ್ಲಿ, ಅದೇ ಬೆಂಕಿಯಲ್ಲಿ ಇಟ್ಟು ಡಿಗ್ರಿ ಬರೆಯಬೇಕು.

“ದೊಡ್ಡಮ್ಮನ ಫೋಟೊದ್ದ್ ಅದ್. ನಿಮ್ಗ್ ಕೊಟ್ಟದ್ದ್. ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೆ,” ಎಂದಳು.

“ಭಾನುವಾರ ಇಡುವ,” ಎಂದೆ.

ಜುಲೈ 28, ಭಾನುವಾರ

ಬೆಳಿಗ್ಗೆಯೇ ಶುರು ಮಾಡಿದೆವು. ಅಟ್ಟದಲ್ಲಿ ತಿನ್ನುವ ವಸ್ತು ಏನೂ ಇರಬಾರದು ಎಂದಳು. ಭರಣಿ, ವಾಟೆಹುಳಿ ಎಲ್ಲ ಇಳಿಸಿ ಅಡಿಗೆಕೋಣೆಯಲ್ಲಿಟ್ಟೆ. ಅಟ್ಟದಲ್ಲಿ ಭರಣಿ ಇದ್ದಲ್ಲಿ ಮಸಿಯಿಲ್ಲದ ಒಂದು ದುಂಡು ಉಳಿದಿತ್ತು. ಚೂರನ್ನು ಅಲ್ಲೇ ಇಡಲು ಹೇಳಿದೆ, ಜಾಗ ಸಮತಟ್ಟು. ಪಕ್ಕದಲ್ಲಿ ಅವಳು ಸಪೂರ ತಂತಿಯ ಥರ್ಮಾಮೀಟರು ಕಟ್ಟಿದಳು.

ಬೆಂಕಿ ನನ್ನ ಪಾಲಿಗೆ. ಅವತ್ತು ಎಷ್ಟು ಸಿಪ್ಪೆ, ಎಷ್ಟು ಗೆರಟೆ ಹಾಕಿದ್ದೆನೋ ಅದೇ ಅಂದಾಜಿನಲ್ಲಿ ಹಾಕಬೇಕು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಡಿಗ್ರಿ ಅರವತ್ತು ದಾಟಿ ಎಪ್ಪತ್ತರ ಹತ್ತಿರ ಹೋಗಿ ನಿಂತಿತು. ನಾನು ಓದಿ ಹೇಳುವುದು, ಅವಳು ಬರೆಯುವುದು.

ನಡುವೆ ಪದ್ದು ಬಂದಳು.

“ಶೀನಣ್ಣ, ಇದೆಂತ ಹೋಮವಾ?”

“ಎಕ್ಸ್‌ಪೆರಿಮೆಂಟ್.”

“ಹೊಗಿ ಕಾಂಡ್ರೆ ಹೋಮವೇ,” ಎಂದು ಕಣ್ಣುಜ್ಜಿಕೊಳ್ಳುತ್ತ ಹೋದಳು. ಈ ಸುದ್ದಿಯೂ ಬೈಂದೂರು ಮುಟ್ಟಲಿ.

ಊಟಕ್ಕೆ ಗಂಜಿ. ಬಡಿಸಿ ತಿರುಗುವುದರಲ್ಲಿ ಹುಡುಗಿ ಭರಣಿಯ ಬಟ್ಟೆ ಬಿಚ್ಚಿ ಎರಡು ಮಾವಿನಕಾಯಿ ತೆಗೆದಾಗಿತ್ತು. ಒಂದು ನನ್ನ ಬಟ್ಟಲಿಗೆ ಹಾಕಿದಳು. ಸುಕ್ಕಾಗಿತ್ತು, ಉಪ್ಪು ಸ್ವಲ್ಪ ಮುಂದು. ಕೆಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಚೂರಿನ ಅಂಚಿನಲ್ಲಿ ಬೂದು ಕಂಡಿತು. ಅಲ್ಲಿಂದ ನಡುವಿಗೆ ಹಬ್ಬಿತು. ಕೆಂಪು ಹೋಗುವುದನ್ನು ನೋಡುತ್ತ ನಿಂತೆವು. ಸಾಕಾ ಎಂದರೆ, “ಇನ್ನೊಂದ್ಚೂರ್,” ಎನ್ನುವಳು. ಕೊನೆಗೆ ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಮುಖ ಕಾಣಿಸಲಿಲ್ಲ. ನಾಳೆ ಅಳೆದು ಬ್ರಹ್ಮಾವರಕ್ಕೆ ಕಳಿಸಬೇಕು. ಪತ್ರಿಕೆಯವರ ಉತ್ತರ ಇನ್ನೂ ಬಂದಿಲ್ಲ.

ಬ್ಯಾಗು ಆ ಗುರುವಾರದಿಂದ ಅರ್ಧ ತುಂಬಿದ ಹಾಗೆಯೇ ಅವಳ ಕೋಣೆಯಲ್ಲಿದೆ. ಏನು ಮಾಡುತ್ತಾಳೆಂದು ಕೇಳಲಿಲ್ಲ.

ಹಂಡೆಯ ನೀರು ದಿನವಿಡೀ ಕಾದಿತ್ತು. ಅವಳು ಮಿಂದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಸುಮ್ಮನೆ ಚೆಲ್ಲುವುದು ಯಾಕೆಂದು ನಾನೂ ಮಿಂದೆ. ನಾಳೆ ಬೆಳಿಗ್ಗೆಗೆ ಒಣ ಸಿಪ್ಪೆ ಸಾಲದು, ಅಂಗಳದ್ದು ನೆನೆದಿದೆ. ಒಂದಷ್ಟು ತಂದು ಅಟ್ಟದ ಮೇಲೆ ಹರವಿದೆ. ಹೇಗೂ ಜಾಗ ಖಾಲಿ ಇತ್ತು.